ಇಪ್ಪತ್ತೆಂಟರ ಆಟಕ್ಕೆ ಪಣವೇಕೆ?

ಗುಲಾಮನು ರಾಜನನ್ನೂ ಎಕ್ಕವನ್ನೂ ಮೀರಿ 3 ಅಂಕಗಳ ಒಡೆಯನಾಗುವ, ಒಂಬತ್ತು ಅವನ ಬೆನ್ನಿಗೇ ನಿಂತು 2 ಅಂಕಗಳನ್ನು ಗಳಿಸುವ, 32 ಎಲೆಗಳ ಇಪ್ಪತ್ತೆಂಟೆಂಬ ಇಸ್ಪೀಟಾಟವು ಕೇರಳೀಯರಿಗೆ ಬಹುಪ್ರಿಯವಾದುದು; ಎದುರು ಕುಳಿತ ಜೊತೆಗಾರನ ಕೈಯಲ್ಲಿರುವುದನ್ನು ಅವನು ಕೂಗಿದ ಅಂಕದಿಂದಲೂ ಹಾಕಿದ ಎಲೆಯಿಂದಲೂ ಊಹಿಸುವುದೇ ಅದರ ರಸ. ಅದನ್ನು ಅಂತರ್ಜಾಲದಲ್ಲಿ ಹಣವಿಟ್ಟು ಆಡಬಯಸುವ ಮಿತ್ರರಿಗೆ ಒಂದು ಕಿವಿಮಾತು.

ಜಗಲಿಯ ಮೇಲೆ ಕಣ್ಸನ್ನೆ ಮಾಡಿದವನು ಆ ಕ್ಷಣವೇ ಸಿಕ್ಕಿಬೀಳುತ್ತಾನೆ. ಪರದೆಯ ಮೇಲಾದರೋ, ನಿಮ್ಮ ಎದುರಾಳಿಗಳಿಬ್ಬರೂ ಒಂದೇ ಕೋಣೆಯಲ್ಲಿ ಕುಳಿತು ಪರಸ್ಪರರ ಎಲೆಗಳನ್ನು ನೋಡುತ್ತಿದ್ದರೂ ನಿಮಗದು ಗೋಚರಿಸದು. ಗುಟ್ಟಾಗಿಟ್ಟ ತುರುಫು ಜೊತೆಗಾರನಿಗೆ ಮೊದಲೇ ತಿಳಿದಿದ್ದ ಮೇಲೆ ನಿಮ್ಮ ನೈಪುಣ್ಯಕ್ಕೆ ಎಡೆಯೆಲ್ಲಿ? ಇನ್ನು ಲೆಕ್ಕ ನೋಡಿ: ನಾಲ್ವರು ತಲಾ 100 ರೂಪಾಯಿ ಪಣವಿಟ್ಟು, ಆಡಿಸುವಾತನು ಪ್ರತಿಸಲವೂ ಒಟ್ಟು ಮೊತ್ತದ ದಶಾಂಶವನ್ನು ಮುರಿದುಕೊಂಡನೆಂದರೆ, ಹತ್ತು ಆಟಗಳು ಮುಗಿಯುವಷ್ಟರಲ್ಲಿ 400 ರೂಪಾಯಿ ಅವನ ಪಾಲಾಗಿರುತ್ತದೆ, ಸಮಬಲರೆಲ್ಲರೂ ಸೋತಿರುತ್ತಾರೆ.

ನೈಪುಣ್ಯ, ಅದೃಷ್ಟಗಳೆಂಬ ಭೇದವನ್ನೆಣಿಸದೆ ಇಂಥ ಹಣದಾಟಗಳನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟ್ ತಿಂಗಳಲ್ಲಿ ಅಂಗೀಕರಿಸಿತು. ಶಿಕ್ಷೆ ಆಡುವವನಿಗಲ್ಲ, ಆಡಿಸುವವನಿಗೆ: 3 ವರ್ಷಗಳವರೆಗೆ ಸೆರೆವಾಸ, 1 ಕೋಟಿ ರೂಪಾಯಿಯವರೆಗೆ ದಂಡ. ಆದರೆ ಹೊರದೇಶದಲ್ಲೆಲ್ಲೋ ಕುಳಿತು ಆಡಿಸುವವನು ನಿಮ್ಮ ಗೆಲುವಿನ ಹಣವನ್ನು ಕೊಡೆನೆಂದರೆ ಅದನ್ನು ವಸೂಲು ಮಾಡುವ ಬಗೆ ದುಸ್ತರ.

ಆದಕಾರಣ ಪಣವಿಲ್ಲದ ಆಟವನ್ನೇ ಆಡಿರಿ. ಈಗಾಗಲೇ ಹಣ ತುಂಬಿದ್ದರೆ ಉಳಿದುದನ್ನು ಇಂದೇ ಹಿಂಪಡೆಯಿರಿ. ವಂಚನೆಗೊಳಗಾಗಿದ್ದರೆ ಸಂಕೋಚಪಡದೆ ಸೈಬರ್ ಅಪರಾಧ ಸಹಾಯವಾಣಿಯಾದ 1930ಕ್ಕೆ ದೂರವಾಣಿ ಮಾಡಿ ದೂರು ಕೊಡಿರಿ.