ಸಿಲಬಸ್ಸಿನ ಬಹುವಚನ

ಕನ್ನಡ ಸಂಘದ ಪತ್ರಿಕೆಯಲ್ಲಿ ಇಂಗ್ಲಿಷ್ ವ್ಯಾಕರಣಕ್ಕೇನು ಕೆಲಸ ಎಂದು ಸಂಪಾದಕರು ಹುಬ್ಬೇರಿಸಿದರು. ಕೆಲಸ ಇದೆ ಅಂತಲೇ ಬರೆಯುತ್ತಿದ್ದೇನೆ. ನಮ್ಮಲ್ಲಿ ಬಹಳ ಮಂದಿ ಮುಂಬಯಿಯ ಮುನಿಸಿಪಾಲಿಟಿ ಕನ್ನಡ ಶಾಲೆಗಳಿಂದಲೋ, ಸೊಲ್ಲಾಪುರ-ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳಿಂದಲೋ ಬಂದವರು. ತರಗತಿಯಲ್ಲಿ ಒಂದು ಪ್ರಶ್ನೆ ಕೇಳಬೇಕಾದರೆ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಹೊಲಿದು, ಬಿಚ್ಚಿ, ಮತ್ತೆ ಹೊಲಿದು ಆಮೇಲೆ ಎದ್ದು ನಿಲ್ಲುವವರು. ನಮ್ಮೊಬ್ಬ ಗೆಳತಿ ಹಾಗೆ ಎದ್ದು, ಎರಡು ವರ್ಷಗಳ 'ಸಿಲಬಸಸ್' ಬೇರೆ ಬೇರೆಯೇ ಸಾರ್ ಎಂದು ಕೇಳಿದಳು. ಹಿಂದಿನ ಬೆಂಚಿನಿಂದ ಒಬ್ಬ 'ಸಿಲಬೈ, ಸಿಲಬೈ' ಎಂದ. ಕ್ಲಾಸೆಲ್ಲ ಘೊಳ್ಳೆಂದಿತು. ಕೂತವಳು ಆ ಟರ್ಮಿನಲ್ಲಿ ಮತ್ತೆ ಏಳಲಿಲ್ಲ.

ಆಕೆ ಆಡಿದ ಮಾತಿನಲ್ಲಿ ತಪ್ಪೇನೂ ಇಲ್ಲ. ಡಿಕ್ಷನರಿ ತೆಗೆದು ನೋಡಿ, ಎರಡು ರೂಪಗಳೂ ಇವೆ. ಆದರೆ ಡಿಕ್ಷನರಿ ತೋರಿಸಿ ಸುಮ್ಮನಾದರೆ ಹಿಂದಿನ ಬೆಂಚಿನವನಿಗೆ ಬುದ್ಧಿ ಬರುವುದಿಲ್ಲ. ಅವನ ಹತ್ತಿರ ಇರುವುದು ಒಂದೇ ಒಂದು ಸೂತ್ರ: ಶಬ್ದ 'ಅಸ್' ಎಂದು ಮುಗಿದರೆ ಅದನ್ನು ಕಿತ್ತು 'ಐ' ಹಚ್ಚು. ಈ ಸೂತ್ರ ಎಲ್ಲಿ ಮುರಿದು ಬೀಳುತ್ತದೆ ಎಂದು ತಿಳಿಯಲು ಲ್ಯಾಟಿನ್ ಕಲಿಯಬೇಕಾಗಿಲ್ಲ, ಎಸ್ಸೆಸ್ಸಿಗೆ ಬಾಯಿಪಾಠ ಮಾಡಿದ ಸಂಸ್ಕೃತ ನೆನಪಿದ್ದರೆ ಸಾಕು.

ರಾಮಃ, ಗುರುಃ, ಮನಃ. ಮೂರಕ್ಕೂ ಕೊನೆಗೆ ವಿಸರ್ಗವೇ. ಬಹುವಚನಕ್ಕೆ ಹೋದಾಗ ರಾಮಾಃ, ಗುರವಃ, ಮನಾಂಸಿ. ಮೂರೂ ಮೂರು ದಾರಿ. ವಿಸರ್ಗ ಕಂಡಲ್ಲೆಲ್ಲ ರಾಮಶಬ್ದ ಓಡಿಸಿ 'ಗುರಾಃ' ಎಂದರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಲ್ಯಾಟಿನ್ನಿನಲ್ಲೂ ಇದೇ ಕಥೆ, ಎರಡೂ ದಾಯಾದಿ ಭಾಷೆಗಳಲ್ಲವೇ! 'ಉಸ್' ಎಂದು ಮುಗಿಯುವ ಶಬ್ದಗಳಲ್ಲಿ ಅಲ್ಲೂ ಮೂರು ಗುಂಪು. ರಾಮಶಬ್ದದಂಥವು ಸ್ಟಿಮ್ಯುಲಸ್, ರೇಡಿಯಸ್, ನ್ಯೂಕ್ಲಿಯಸ್. ಇವಕ್ಕೆ ರೋಮನರು ಕೊನೆಗೆ 'ಈ' ಹಚ್ಚಿದರು, ಇಂಗ್ಲಿಷರು ಅದನ್ನೇ 'ಐ' ಎಂದು ಓದಿ ಸ್ಟಿಮ್ಯುಲೈ, ರೇಡಿಯೈ ಎಂದರು. ಗುರುಶಬ್ದದಂಥವು ಸ್ಟೇಟಸ್, ಪ್ರಾಸ್ಪೆಕ್ಟಸ್, ಅಪರೇಟಸ್, ಸೆನ್ಸಸ್. ಇವುಗಳ ಬಹುವಚನ ರೋಮಿನಲ್ಲೂ 'ಊಸ್', ಸ್ವರ ದೀರ್ಘವಾಗುವುದಷ್ಟೇ ವ್ಯತ್ಯಾಸ. ಆದ್ದರಿಂದ 'ಪ್ರಾಸ್ಪೆಕ್ಟೈ' ಎನ್ನುವವನು ಇಂಗ್ಲಿಷನ್ನೂ ಕೆಡಿಸಿದ, ಲ್ಯಾಟಿನ್ನನ್ನೂ ಕೆಡಿಸಿದ. ಮನಸ್ ಶಬ್ದದಂಥವು ಜೀನಸ್ ಮತ್ತು ಕಾರ್ಪಸ್. ಇವು ಜೆನೆರಾ, ಕಾರ್ಪೊರಾ ಆಗುತ್ತವೆ. ಈ ಜೀನಸ್ ಬೇರೆ ಯಾರೂ ಅಲ್ಲ, ನಮ್ಮ 'ಜನ'ದ ಒಡಹುಟ್ಟು.

ಇನ್ನು ನಾಮಪದವೇ ಅಲ್ಲದವು. ಒಮ್ನಿಬಸ್ ಎಂದರೆ 'ಎಲ್ಲರಿಗಾಗಿ'. ಅದು ಆಗಲೇ ಚತುರ್ಥೀ ವಿಭಕ್ತಿಯ ಬಹುವಚನ. ಅದರ ತಲೆ ಕಡಿದು ಉಳಿದ ಬಾಲವೇ ನಾವು ದಿನಾ ನೇತಾಡುವ ಬಸ್ಸು. ಅದಕ್ಕೆ 'ಬೈ' ಎಂದು ಯಾರೂ ಹೇಳದಿರುವುದು ದೇವರ ದಯೆ. (ನಮ್ಮೂರಿನ ಮರಾಠಿ ಪತ್ರಿಕೆಗಳು 'ಬಸೇಸ್' ಎಂದು ಇಂಗ್ಲಿಷಿನ ಪ್ರತ್ಯಯವನ್ನೇ ಹೊತ್ತು ತಂದಿವೆ, ಕನ್ನಡದ ಬಸ್ಸುಗಳಿಗೆ ಆ ಹೊರೆ ಇಲ್ಲ.) ಕೋರಂ ಎಂದರೆ 'ಯಾರ ಪೈಕಿ', ಷಷ್ಠಿಯ ಬಹುವಚನ, ಹಾಗಾಗಿ ಕೋರಂಸ್ ಎನ್ನಬೇಕು, 'ಕೋರಾ' ಅಲ್ಲ. ಇಗ್ನೊರೇಮಸ್ ಅಂತೂ ಕ್ರಿಯಾಪದ, 'ನಾವರಿಯೆವು' ಎಂದರ್ಥ. ಸಾಕ್ಷ್ಯ ಸಾಲದ ಮೊಕದ್ದಮೆಯ ಕಾಗದದ ಮೇಲೆ ಇಂಗ್ಲೆಂಡಿನ ಜ್ಯೂರಿಗಳು ಹಾಗೆ ಬರೆಯುತ್ತಿದ್ದರು. 1615ರಲ್ಲಿ ಜಾರ್ಜ್ ರಗಲ್ ಎಂಬಾತ ಕೇಂಬ್ರಿಜ್ಜಿನಲ್ಲಿ ಆಡಿಸಿದ ನಾಟಕದಲ್ಲಿ ಒಬ್ಬ ವಕೀಲನಿಗೆ ಇದೇ ಹೆಸರಿಟ್ಟ. ಮುಂದೆ ಅದು ಏನೂ ತಿಳಿಯದ ಎಲ್ಲರಿಗೂ ಹೆಸರಾಯಿತು. ಇದರ ಬಹುವಚನ 'ಇಗ್ನೊರೇಮೈ' ಎನ್ನುವವರು ತಾವೂ ಆ ಪಟ್ಟಿಗೆ ಸೇರುತ್ತಾರೆ.

ವೈರಸ್ಸಿನ ಮಾತು ಬೇರೆ. 2020ರಲ್ಲಿ ಕೊರೋನಾ ಬಂದಾಗ 'ವೈರೈ' ಎಂದು ಗಂಭೀರವಾಗಿ ಹೇಳಿದವರನ್ನು ನಾನೇ ಕೇಳಿದ್ದೇನೆ. ಲ್ಯಾಟಿನ್ನಿನಲ್ಲಿ ಆ ಶಬ್ದಕ್ಕೆ ವಿಷ, ಲೋಳೆ ಎಂದರ್ಥ, ನಮ್ಮ 'ವಿಷ'ದ ನೆಂಟನೇ. ಹಾಲು ನೀರುಗಳಂತೆ ಅಳೆಯುವ ವಸ್ತು, ಎಣಿಸುವುದಲ್ಲ. ರೋಮನರ ಗ್ರಂಥಗಳಲ್ಲಿ ಅದರ ಬಹುವಚನವೇ ಸಿಕ್ಕಿಲ್ಲ. 'ವಿರೀ' ಎಂಬ ಶಬ್ದ ಇದೆ, ಆದರೆ ಅದರ ಅರ್ಥ ಗಂಡಸರು! ವೈರಸಸ್ ಎಂದರೆ ಯಾವ ಅಪಾಯವೂ ಇಲ್ಲ.

ಈಗ ಸಿಲಬಸ್ಸಿಗೇ ಬರೋಣ. ಇದರ ಕಥೆ ಎಲ್ಲಕ್ಕಿಂತ ಸೊಗಸು. ರೋಮಿನ ಸಿಸೆರೊ ತನ್ನ ಗೆಳೆಯ ಆಟ್ಟಿಕಸನಿಗೆ ಬರೆದ ಪತ್ರಗಳಲ್ಲಿ ಪುಸ್ತಕದ ಸುರುಳಿಗಳಿಗೆ ಅಂಟಿಸುವ ಹೆಸರುಚೀಟಿಯ ಮಾತು ಬರುತ್ತದೆ. ಅದಕ್ಕೆ ಅವನು ಬಳಸಿದ್ದು 'ಸಿತ್ತುಬಾ' ಎಂಬ ಗ್ರೀಕ್ ಶಬ್ದ. 15ನೆಯ ಶತಮಾನದಲ್ಲಿ ಆ ಪತ್ರಗಳು ಅಚ್ಚಾದಾಗ ಅಕ್ಷರ ತಪ್ಪಿ ಅದು 'ಸಿಲಬೋಸ್' ಆಯಿತು. ಪಂಡಿತರು ಈ ಅಚ್ಚಿನ ತಪ್ಪನ್ನೇ ನಿಜವೆಂದು ನಂಬಿ, ಅದಕ್ಕೆ 'ಸಿಲಬಸ್' ಎಂಬ ಏಕವಚನ ಹೊಸೆದರು. ಎಂದರೆ ಸಿಸೆರೊ ಸಿಲಬಸ್ ಅನ್ನಲೂ ಇಲ್ಲ, ಸಿಲಬೈ ಅನ್ನಲೂ ಇಲ್ಲ. ಸ್ಟೆನ್ಸಿಲ್ ಕೊರೆದು ಈ ಪತ್ರಿಕೆ ತೆಗೆಯುವ ನಮಗೆ ಅಕ್ಷರ ಹಾರುವುದು ಹೊಸದೇನಲ್ಲ. ನಮ್ಮ ತಪ್ಪುಗಳು ಯಾವ ಡಿಕ್ಷನರಿಯನ್ನೂ ಸೇರುವುದಿಲ್ಲ, ಅಷ್ಟೇ. ಇಂಥ ಹುಟ್ಟಿನ ಶಬ್ದಕ್ಕೆ ರೋಮಿನ ಪೇಟ ಸುತ್ತಿ, ಅದನ್ನು ಸುತ್ತದವಳನ್ನು ನೋಡಿ ನಗುವುದೆಂದರೆ! ಫೌಲರ್ ಎಂಬ ವ್ಯಾಕರಣಕಾರ 1926ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪ್ರಯೋಗದ ಕೋಶದಲ್ಲೇ, 'ಉಸ್' ಎಂದು ಮುಗಿಯುವ ಲ್ಯಾಟಿನ್ ಶಬ್ದಗಳೆಲ್ಲ 'ಐ' ಆಗುವುದಿಲ್ಲ ಎಂದು ಎಚ್ಚರಿಸಿದ್ದಾನೆ. ಆಕ್ಟೋಪಸ್ ಲ್ಯಾಟಿನ್ನೇ ಅಲ್ಲ, ಗ್ರೀಕಿನ 'ಎಂಟುಗಾಲಿ'. ಆಕ್ಟೋಪಸಸ್ ಎಂದರೆ ಸಾಕು.

ಹಾಗಂತ ಎಲ್ಲ ಕಡೆ 'ಎಸ್' ಹಚ್ಚಿ ನಡೆಯಿರಿ ಎಂದು ನಾನು ಹೇಳುತ್ತಿಲ್ಲ. ಬ್ಯಾಕ್ಟೀರಿಯಂ-ಬ್ಯಾಕ್ಟೀರಿಯಾ, ಸ್ಟ್ರೇಟಂ-ಸ್ಟ್ರೇಟಾ ಇವು ಗಟ್ಟಿಯಾಗಿ ನಿಂತುಬಿಟ್ಟಿವೆ. ನಪುಂಸಕದ 'ಉಂ' ಬಹುವಚನದಲ್ಲಿ 'ಆ' ಆಗುವುದು. ವೇದದ ಭಾಷೆಯಲ್ಲೂ ಯುಗಂ ಎಂಬುದಕ್ಕೆ 'ಯುಗಾ' ಎಂಬ ರೂಪ ಉಂಟು. ಡೇಟಮ್ ಎಂದರೆ 'ಕೊಟ್ಟದ್ದು', ನಮ್ಮ 'ದತ್ತ' ಶಬ್ದದ ಧಾತುವೇ. ಅದಕ್ಕೇ ಕನ್ನಡದಲ್ಲಿ ದತ್ತಾಂಶ ಎಂದಿರುವುದು ಬಹಳ ಚೆನ್ನಾಗಿ ಒಪ್ಪುತ್ತದೆ. ಡೇಟಾ ಬಹುವಚನವೆಂದು ವಿಜ್ಞಾನದ ಪ್ರೊಫೆಸರರು ಇನ್ನೂ ಹಟ ಹಿಡಿಯುವುದುಂಟು, ಪತ್ರಿಕೆಯವರು ಏಕವಚನ ಮಾಡಿ ಮುಗಿಸಿದ್ದಾರೆ. ಅಜೆಂಡಾ ಎಂಬುದೂ ಹುಟ್ಟಿನಿಂದ ಬಹುವಚನ, 'ಮಾಡತಕ್ಕ ಕೆಲಸಗಳು'. ಈಗ ಅದು ಒಂದು ಹಾಳೆ. ಆ ಹಾಳೆ ಎರಡಾದರೆ ಅಜೆಂಡಾಸ್, ಯಾರೂ ತಕರಾರು ಮಾಡುವುದಿಲ್ಲ.

ಬಹುವಚನ ತಂದು ಏಕವಚನ ಮಾಡಿಕೊಳ್ಳುವ ಚಾಳಿ ನಮಗೂ ಇದೆ ನೋಡಿ. ಸಂಸ್ಕೃತದಲ್ಲಿ ಒಬ್ಬನಾದರೆ ವಿದ್ವಾನ್, ಹಲವರಾದರೆ ವಿದ್ವಾಂಸಃ. ನಾವು ಆ ದೊಡ್ಡ ರೂಪದಿಂದಲೇ 'ವಿದ್ವಾಂಸ' ಎಂಬ ಒಬ್ಬನನ್ನು ಮಾಡಿ, ಹಲವರು ಬಂದಾಗ 'ರು' ಹಚ್ಚಿದೆವು. ಶ್ರೀಮಂತ, ಭಗವಂತ ಇದೇ ಸಾಲು. ಇತ್ತೀಚಿನವು ಬೇಕೆಂದರೆ ನಮ್ಮ ಹಾಸ್ಟೆಲ್ಲಿನಲ್ಲೇ ಕೇಳಿ: ಶೂಸ್‌ಗಳು, ಮಾರ್ಕ್ಸ್‌ಗಳು, ಫ್ರೆಂಡ್ಸುಗಳು. ನಾವಿದನ್ನು ಆಡಿದರೆ ಹಳ್ಳಿಗಮಾರರು. ಅವರು 'ಕ್ರೈಟೀರಿಯಾಸ್' ಎಂದರೆ ಬಾಯಿತಪ್ಪಿ ಬಂದದ್ದು! ಅಲ್ಲಿ ಕ್ರೈಟೀರಿಯಾ ಎಂಬುದೇ ಗ್ರೀಕಿನ ಬಹುವಚನ, ಒಂದಿದ್ದರೆ ಕ್ರೈಟೀರಿಯನ್.

ನಗುವವರೇ ಮುಗ್ಗರಿಸುವ ಇನ್ನೊಂದು ಜಾಗ ಇದೆ. 'ನಾನು ಈ ಕಾಲೇಜಿನ ಅಲಮ್ನೈ' ಎಂದು ಸೂಟು ಹಾಕಿದ ದೊಡ್ಡವರು ವೇದಿಕೆಯ ಮೇಲೆ ಹೇಳುತ್ತಾರೆ. ಒಬ್ಬನಾದರೆ ಅಲಮ್ನಸ್, ಒಬ್ಬಳಾದರೆ ಅಲಮ್ನಾ. ಅರ್ಥ, ಸಾಕಿ ಬೆಳೆಸಿದ ಮಗು. ಗಂಡಸರು ಹಲವರಿದ್ದರೆ ಅಲಮ್ನೈ, ಹೆಂಗಸರೇ ಹಲವರಿದ್ದರೆ ಅಲಮ್ನೀ. ತಮಾಷೆಯೆಂದರೆ ಇದು ಇಂಗ್ಲಿಷಿನ ಉಚ್ಚಾರ. ಹಳೆಯ ರೋಮನ್ ಉಚ್ಚಾರದಲ್ಲಿ ಸರಿಯಾಗಿ ತಿರುಗುಮುರುಗು: ಗಂಡಸರು 'ಅಲುಮ್ನೀ', ಹೆಂಗಸರು 'ಅಲುಮ್ನೈ'. ಲ್ಯಾಟಿನ್ ಶುದ್ಧವಾಗಿರಲಿ ಎಂದು ಹಟ ಹಿಡಿದವರು ಯಾವುದನ್ನು ಹಿಡಿಯುತ್ತಾರೋ ನೋಡಬೇಕು.

ಪರೀಕ್ಷೆಗೆ ಕೂರುವವರಿಗೆ ಇಷ್ಟು ಹೇಳಬಲ್ಲೆ. ಗಣಿತದಲ್ಲಿ ಇಂಡೆಕ್ಸಿಗೆ ಇಂಡಿಸೀಸ್ ಬರೆಯಿರಿ, ಪುಸ್ತಕದ ಕೊನೆಯ ಪದಸೂಚಿಗಳಾದರೆ ಇಂಡೆಕ್ಸಸ್ ನಡೆಯುತ್ತದೆ. ಕೀಟದ ಮೀಸೆ ಆಂಟೆನೀ, ರೇಡಿಯೋದ ತಂತಿಗಳು ಆಂಟೆನಾಸ್. ಫಾರ್ಮುಲಾಕ್ಕೆ ಎರಡೂ ಸರಿ, ಒಂದೇ ಉತ್ತರದಲ್ಲಿ ಎರಡನ್ನೂ ಬೆರೆಸಬೇಡಿ. ತರಗತಿಯಲ್ಲಿ ಎದ್ದು ಕೇಳುವಾಗ ಸಿಲಬಸಸ್ ಎಂದೇ ಕೇಳಿ. ಯಾರಾದರೂ ನಕ್ಕರೆ ಪ್ರಾಸ್ಪೆಕ್ಟಸ್ಸಿನ ಬಹುವಚನ ಏನು ಎಂದು ಅವರನ್ನು ವಿಚಾರಿಸಿ.