ಕೇಂದ್ರವಿಲ್ಲದ ಜಾಲದಲ್ಲಿ ಕೀಲಿಯು ಯಾರ ಕೈಯಲ್ಲಿ?

೧. ಜಾಲದ ಮೂರು ಆಕಾರಗಳು

ಗಣಕಯಂತ್ರಗಳನ್ನೂ ಕೈಫೋನುಗಳನ್ನೂ ಒಂದಕ್ಕೊಂದು ಜೋಡಿಸುವ ವ್ಯವಸ್ಥೆಗೆ ಜಾಲವೆಂದು ಹೆಸರು. ಜಾಲವೆಂದರೆ ಬಲೆ. ಆದರೆ ನಾವು ದಿನನಿತ್ಯ ಬಳಸುವ ಜಾಲಗಳಲ್ಲಿ ಹೆಚ್ಚಿನವು ಬಲೆಯಂತಿರದೆ ಸೈಕಲ್ಲಿನ ಚಕ್ರದಂತಿರುವುವು. ಚಕ್ರದ ಕಡ್ಡಿಗಳೆಲ್ಲವೂ ನಡುಭಾಗಕ್ಕೆ ಬಂದು ಸೇರುವಂತೆ, ನಮ್ಮ ಸಂದೇಶಗಳೆಲ್ಲವೂ ಯಾವುದೋ ಒಂದು ದೊಡ್ಡ ಕೇಂದ್ರಯಂತ್ರಕ್ಕೆ ಹೋಗಿ, ಅಲ್ಲಿಂದ ಪಕ್ಕದ ಮನೆಗೆ ಬರುವುವು. ನಡುಭಾಗವು ಮುರಿದರೆ ಚಕ್ರವೇ ಇಲ್ಲ.

ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬ್ಯಾರನ್ ಎಂಬ ಎಂಜಿನಿಯರು ೧೯೬೪ರಲ್ಲಿ ಪ್ರಕಟಿಸಿದ ಬರಹಗಳಲ್ಲಿ ಈ ವಿಷಯವನ್ನು ಮೂರು ಚಿತ್ರಗಳಿಂದ ತೋರಿಸಿದರು. ಮೊದಲನೆಯದು ಒಂದೇ ಕೇಂದ್ರವುಳ್ಳ ಜಾಲ; ಎರಡನೆಯದು ಹಲವು ಚಿಕ್ಕ ಕೇಂದ್ರಗಳ ಜಾಲ; ಮೂರನೆಯದು ಕೇಂದ್ರವೇ ಇಲ್ಲದೆ ಮೀನಿನ ಬಲೆಯಂತೆ ಹರಡಿದ ಜಾಲ. ಒಂದೊಂದು ಗಂಟಿಗೂ ಮೂರು ನಾಲ್ಕು ದಾರಗಳಿದ್ದರೆ, ಬಹಳಷ್ಟು ಗಂಟುಗಳು ನಾಶವಾದರೂ ಉಳಿದವು ಪರಸ್ಪರ ಮಾತನಾಡಬಲ್ಲವೆಂದು ಅವರು ಲೆಕ್ಕದಿಂದ ಸಿದ್ಧಪಡಿಸಿದರು. ಈ ಮೂರನೆಯ ಬಗೆಯನ್ನೇ ಇಂದು ಮೆಶ್ ಜಾಲವೆಂದು ಕರೆಯುವರು.

ಇದು ಬರಿಯ ಕಾಗದದ ಚಿತ್ರವಾಗಿ ಉಳಿದಿಲ್ಲ. ಸ್ಪೇನ್ ದೇಶದ ಕೆಟಲೋನಿಯಾ ಪ್ರಾಂತದ ಹಳ್ಳಿಗಳಲ್ಲಿ ೨೦೦೪ರಲ್ಲಿ ಆರಂಭವಾದ ಗ್ವಿಫಿ ಜಾಲವು ಜನರು ತಮ್ಮ ಮಾಡಿನ ಮೇಲೆ ತಾವೇ ನಿಲ್ಲಿಸಿಕೊಂಡ ವೈಫೈ ಸಾಧನಗಳಿಂದ ಬೆಳೆದು, ಸಾವಿರಾರು ಗಂಟುಗಳ ದೊಡ್ಡ ಬಲೆಯಾಯಿತು. ಜರ್ಮನಿಯ ಫ್ರೈಫುಂಕ್ ಬಳಗದವರು ಇಂತಹ ಜಾಲಕ್ಕಾಗಿಯೇ ಬ್ಯಾಟ್‌ಮನ್ ಎಂಬ ಮಾರ್ಗಶೋಧಕ ತಂತ್ರಾಂಶವನ್ನು ರಚಿಸಿದರು. ಅದರ ಒಂದು ರೂಪವು ೨೦೧೧ರಲ್ಲಿ ಲಿನಕ್ಸ್ ವ್ಯವಸ್ಥೆಯ ತಿರುಳಿನಲ್ಲಿಯೇ ಸೇರಿಕೊಂಡಿತು. ಆದರೆ ಬ್ಯಾಟ್‌ಮನ್ ಮಾರ್ಗವನ್ನು ಮಾತ್ರ ಹುಡುಕುವುದೇ ಹೊರತು ಸಂದೇಶವನ್ನು ಗೂಢಗೊಳಿಸುವುದಿಲ್ಲ. ಗೋಪ್ಯತೆಯ ಏರ್ಪಾಡನ್ನು ಬೇರೆಯಾಗಿಯೇ ಮಾಡಿಕೊಳ್ಳಬೇಕು.

೨. ಗೋಪ್ಯತೆ ಏಕೆ ಬೇಕು?

ಮೆಶ್ ಜಾಲದಲ್ಲಿ ನಮ್ಮ ಪತ್ರವನ್ನು ನೆರೆಯವರ ಯಂತ್ರಗಳೇ ಕೈಯಿಂದ ಕೈಗೆ ದಾಟಿಸುವುವು. ತೆರೆದ ಕಾರ್ಡನ್ನು ಹತ್ತು ಜನರ ಕೈಯಲ್ಲಿ ಕಳುಹಿಸಿದರೆ ಹತ್ತು ಜನರೂ ಓದಬಹುದಷ್ಟೆ. ಆದುದರಿಂದ ಇಲ್ಲಿ ಗೂಢಲಿಪಿಯು ಅಲಂಕಾರವಲ್ಲ, ಅವಶ್ಯಕತೆ.

ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬವರು ೧೯೭೬ರಲ್ಲಿ ತೋರಿಸಿದ ಮಾರ್ಗವನ್ನು ಅನುಸರಿಸಿ, ಈಗಿನ ತಂತ್ರಾಂಶಗಳಲ್ಲಿ ಪ್ರತಿಯೊಂದು ಯಂತ್ರವೂ ಎರಡು ಕೀಲಿಗಳನ್ನು ಸೃಷ್ಟಿಸಿಕೊಳ್ಳುತ್ತದೆ. ಒಂದು ಬಹಿರಂಗ ಕೀಲಿ, ಮತ್ತೊಂದು ಖಾಸಗಿ ಕೀಲಿ. ಅಂಚೆಪೆಟ್ಟಿಗೆಯ ಬಾಯಿಯಲ್ಲಿ ಯಾರು ಬೇಕಾದರೂ ಪತ್ರವನ್ನು ಹಾಕಬಹುದು. ತೆರೆಯುವ ಕೀಲಿಕೈ ಮಾತ್ರ ಅಂಚೆಯವನಲ್ಲಿರುತ್ತದೆ. ಬಹಿರಂಗ ಕೀಲಿಯು ಪೆಟ್ಟಿಗೆಯ ಬಾಯಿಯಂತೆ. ಖಾಸಗಿ ಕೀಲಿಯು ಕೀಲಿಕೈಯಂತೆ.

ಇಲ್ಲಿ ಒಂದು ಸೂಕ್ಷ್ಮವಿದೆ. ರಾಮನು ಗೋಪಾಲನಿಗೆ ಬರೆಯಬೇಕು. ನಡುವೆ ನಿಂತ ಕಳ್ಳನು ತನ್ನ ಪೆಟ್ಟಿಗೆಯನ್ನು ತೋರಿಸಿ, ‘ಇದೇ ಗೋಪಾಲನ ಪೆಟ್ಟಿಗೆ’ ಎಂದರೆ ರಾಮನು ಅದರಲ್ಲಿಯೇ ಪತ್ರವನ್ನು ಹಾಕುವನು. ಬೀಗವು ಎಷ್ಟೇ ಭದ್ರವಾಗಿದ್ದರೂ ಅದು ಕಳ್ಳನ ಬೀಗವೇ ಆದರೆ ಪ್ರಯೋಜನವೇನು? ಆದುದರಿಂದ ‘ಈ ಕೀಲಿಯು ಇವನದೇ’ ಎಂದು ಪರಿಚಯ ಮಾಡಿಕೊಡುವವರು ಯಾರಾದರೂ ಬೇಕು. ಚಕ್ರದಂತಹ ಜಾಲದಲ್ಲಿ ಈ ಕೆಲಸವನ್ನು ಕೇಂದ್ರವೇ ಮಾಡುತ್ತಿತ್ತು. ಕೇಂದ್ರವನ್ನು ತೆಗೆದುಹಾಕಿದೊಡನೆ ಕೇಂದ್ರದ ಕೆಲಸವು ಇಲ್ಲವಾಗುವುದಿಲ್ಲ. ಅದು ಬೇರೊಬ್ಬರ ಹೆಗಲಿಗೆ ಬೀಳುತ್ತದೆ. ಯಾರ ಹೆಗಲಿಗೆ ಎಂಬುದರಲ್ಲಿಯೇ ಒಂದು ತಂತ್ರಾಂಶಕ್ಕೂ ಇನ್ನೊಂದಕ್ಕೂ ಇರುವ ಮುಖ್ಯ ಭೇದವು ಅಡಗಿದೆ.

೩. ತೆರೆದ ಮೂಲವೆಂದರೇನು?

ಯಾವ ತಂತ್ರಾಂಶದ ಬರವಣಿಗೆಯನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದೋ ಅದು ತೆರೆದ ಮೂಲದ್ದು. ಒಳಗುಟ್ಟನ್ನು ಎಲ್ಲರಿಗೂ ತೋರಿಸಿದರೆ ಗೋಪ್ಯತೆ ಕೆಡುವುದಿಲ್ಲವೇ ಎಂದು ಕೆಲವರು ಕೇಳಬಹುದು. ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸರು ೧೮೮೩ರಲ್ಲಿಯೇ ಇದಕ್ಕೆ ಉತ್ತರವನ್ನು ಕೊಟ್ಟಿರುವರು. ವಿಧಾನವು ಶತ್ರುವಿಗೆ ತಿಳಿದರೂ ಹಾನಿಯಾಗಬಾರದು. ಗುಟ್ಟು ಇರಬೇಕಾದುದು ಕೀಲಿಯಲ್ಲಿ ಮಾತ್ರ. ಹಲವರು ಪರೀಕ್ಷಿಸಿ ನೋಡಿದ ಬೀಗವೇ ನಂಬಿಕೆಗೆ ಯೋಗ್ಯವಾದುದು.

೪. ಒಂದು ಪರೀಕ್ಷೆ

ಈಗ ತಂತ್ರಾಂಶಗಳನ್ನು ಹೋಲಿಸೋಣ. ಒಂದು ವಿದ್ಯಾಸಂಘದಲ್ಲಿ ಹತ್ತು ಯಂತ್ರಗಳಿವೆಯೆಂದೂ, ಅವುಗಳಲ್ಲಿ ಮಕ್ಕಳ ಅಂಕಪಟ್ಟಿ, ವಿದ್ಯಾರ್ಥಿವೇತನದ ಕಾಗದಪತ್ರ ಮೊದಲಾದುವು ಓಡಾಡುವುವೆಂದೂ ಭಾವಿಸಿರಿ. ಎರಡು ಪ್ರಶ್ನೆಗಳನ್ನು ಕೇಳೋಣ. ಹೊಸ ಯಂತ್ರವನ್ನು ಒಳಗೆ ಸೇರಿಸುವವರು ಯಾರು? ಒಂದು ಯಂತ್ರವು ಕಳವಾದರೆ ಅದನ್ನು ಹೊರಗೆ ಹಾಕುವುದು ಹೇಗೆ?

ವೈರ್‌ಗಾರ್ಡ್. ಜೇಸನ್ ಡೊನೆನ್‌ಫೆಲ್ಡ್ ಎಂಬವರು ರಚಿಸಿದ ಈ ತಂತ್ರಾಂಶವು ೨೦೨೦ರ ಮಾರ್ಚಿಯಲ್ಲಿ ಲಿನಕ್ಸ್ ತಿರುಳಿನ ಭಾಗವಾಯಿತು. ಇದರ ಮೂಲ ಬರವಣಿಗೆಯು ಸುಮಾರು ೪,೦೦೦ ಸಾಲುಗಳಷ್ಟೇ ಆದುದರಿಂದ ಪರಿಶೀಲಿಸುವುದು ಸುಲಭ. ಸುಮಾರು ಎರಡು ನಿಮಿಷಕ್ಕೊಮ್ಮೆ ತಾತ್ಕಾಲಿಕ ಕೀಲಿಯನ್ನು ಬದಲಿಸುವುದರಿಂದ, ನಾಳೆ ಯಂತ್ರವು ಕಳ್ಳನ ಕೈಗೆ ಸಿಕ್ಕಿದರೂ ಅವನು ಹಿಂದೆ ಹಿಡಿದಿಟ್ಟುಕೊಂಡ ಸಂದೇಶಗಳನ್ನು ತೆರೆಯಲಾರನು. ಆದರೆ ಇದು ಪರಿಚಯದ ಕೆಲಸವನ್ನು ಪೂರ್ತಿಯಾಗಿ ನಮಗೇ ಬಿಡುತ್ತದೆ. ಹತ್ತು ಯಂತ್ರಗಳೂ ನೇರವಾಗಿ ಮಾತನಾಡಬೇಕಾದರೆ ಪ್ರತಿಯೊಂದರಲ್ಲಿಯೂ ಉಳಿದ ಒಂಬತ್ತರ ಕೀಲಿಗಳನ್ನು ಬರೆಯಬೇಕು; ಒಟ್ಟು ೧೦ × ೯ = ೯೦ ನಮೂದುಗಳು. ಯಂತ್ರಗಳು ಐವತ್ತಾದರೆ ೫೦ × ೪೯ = ೨,೪೫೦. ಯಂತ್ರಗಳು ಐದು ಪಟ್ಟಾದರೆ ಕೆಲಸವು ಇಪ್ಪತ್ತೇಳು ಪಟ್ಟಿಗೂ ಮಿಕ್ಕಿತೆಂಬುದನ್ನು ಗಮನಿಸಿರಿ. ಒಂದು ಯಂತ್ರವು ಕಳವಾದರೆ ಉಳಿದ ಒಂಬತ್ತರಲ್ಲಿಯೂ ಅದರ ಹೆಸರನ್ನು ಅಳಿಸಬೇಕು.

ಟಿಂಕ್. ೧೯೯೮ರಲ್ಲಿ ಹುಟ್ಟಿದ ಈ ಹಳೆಯ ತಂತ್ರಾಂಶದಲ್ಲಿ ಆ ಶ್ರಮವು ಕಡಿಮೆ. ಹೊಸ ಯಂತ್ರವು ಬಲೆಯ ಒಂದೆರಡು ಗಂಟುಗಳಿಗೆ ಪರಿಚಿತವಾದರೆ ಸಾಕು. ಅವೇ ಉಳಿದವಕ್ಕೆ ಸುದ್ದಿ ಮುಟ್ಟಿಸುವುವು. ಇದು ಊರಿನ ರೀತಿ. ಒಬ್ಬ ಹಿರಿಯರು ಕರೆತಂದ ಅತಿಥಿಯನ್ನು ಊರೇ ಬರಮಾಡಿಕೊಳ್ಳುವುದು. ಆದರೆ ಈ ಗುಣವೇ ದೋಷವೂ ಆಗುವುದುಂಟು. ಕಳವಾದ ಯಂತ್ರದ ಕೀಲಿಯನ್ನು ಒಂದೇ ಒಂದು ಗಂಟು ಅಳಿಸಲು ಮರೆತರೆ, ಆ ಬಾಗಿಲಿನಿಂದಲೇ ಅದು ಮತ್ತೆ ಒಳಬರಬಹುದು. ಇದರ ಹಳೆಯ ಆವೃತ್ತಿಗಳಲ್ಲಿ ಗುರುತು ದೃಢಪಡಿಸುವ ಕ್ರಮದಲ್ಲಿಯೇ ದೋಷಗಳು ಕಂಡುಬಂದು ೨೦೧೮ರಲ್ಲಿ ತಿದ್ದಲ್ಪಟ್ಟುವು. ಹಳೆಯ ಆವೃತ್ತಿಯನ್ನು ಬಳಸಬಾರದೆಂಬುದಕ್ಕೆ ಇದು ಸಾಕ್ಷಿ.

ನೆಬ್ಯುಲಾ. ಸ್ಲ್ಯಾಕ್ ಕಂಪೆನಿಯು ೨೦೧೯ರಲ್ಲಿ ಬಹಿರಂಗಪಡಿಸಿದ ಈ ತಂತ್ರಾಂಶದಲ್ಲಿ ಶಾಲೆಯ ಪ್ರಮಾಣಪತ್ರದಂತಹ ಏರ್ಪಾಡು ಇದೆ. ಒಂದು ಮೂಲ ಕೀಲಿಯಿಂದ ಪ್ರತಿಯೊಂದು ಯಂತ್ರಕ್ಕೂ ಮುದ್ರೆಯೊತ್ತಿದ ಪತ್ರವನ್ನು ಕೊಡುವರು. ಯಂತ್ರಗಳು ಪರಸ್ಪರ ಪತ್ರವನ್ನು ತೋರಿಸಿ ಗುರುತಿಸಿಕೊಳ್ಳುವುವು. ಒಬ್ಬರ ವಿಳಾಸವನ್ನು ಒಬ್ಬರಿಗೆ ತಿಳಿಸಲು ದೀಪಸ್ತಂಭವೆಂಬ ಹೆಸರಿನ ಒಂದೆರಡು ಗಂಟುಗಳಿರುವುವು. ಇಲ್ಲಿ ೯೦ ನಮೂದುಗಳ ಬದಲು ಹತ್ತು ಪತ್ರಗಳು ಸಾಕು. ಕಳವಾದ ಯಂತ್ರದ ಪತ್ರವನ್ನು ನಿಷೇಧಿಸಲು ಉಳಿದ ಯಂತ್ರಗಳ ಪಟ್ಟಿಯಲ್ಲಿ ಅದರ ಗುರುತನ್ನು ಬರೆಯಬೇಕು. ಇಲ್ಲವೇ ಪತ್ರದ ಅವಧಿ ಮುಗಿಯುವವರೆಗೆ ಕಾಯಬೇಕು. ಆದುದರಿಂದ ಅಲ್ಪಾವಧಿಯ ಪತ್ರಗಳನ್ನು ಕೊಡುವುದೇ ಜಾಣತನ. ಮುದ್ರೆಯೊತ್ತುವ ಮೂಲ ಕೀಲಿಯೇ ಕಳವಾದರಂತೂ ಇಡೀ ಜಾಲವು ಹೋದಂತೆಯೇ.

ಹೆಡ್‌ಸ್ಕೇಲ್. ಟೇಲ್‌ಸ್ಕೇಲ್ ಎಂಬ ವ್ಯವಸ್ಥೆಯು ವೈರ್‌ಗಾರ್ಡಿನ ಮೇಲೆ ಕಟ್ಟಲ್ಪಟ್ಟುದು. ಬಹಿರಂಗ ಕೀಲಿಗಳನ್ನು ಹಂಚುವ ಕೆಲಸವನ್ನು ಆ ಕಂಪೆನಿಯ ಕೇಂದ್ರಯಂತ್ರವು ಮಾಡುತ್ತದೆ. ಆ ಕೇಂದ್ರದ ಬದಲಾಗಿ ನಾವೇ ನಡೆಸಬಹುದಾದ ತೆರೆದ ಮೂಲದ ಏರ್ಪಾಡೇ ಹೆಡ್‌ಸ್ಕೇಲ್. ಖಾಸಗಿ ಕೀಲಿಗಳು ಆಯಾ ಯಂತ್ರದಲ್ಲಿಯೇ ಉಳಿಯುವುವು. ಕಳವಾದ ಯಂತ್ರವನ್ನು ಒಂದೇ ಕಡೆಯಲ್ಲಿ ಅಳಿಸಿದರೆ ಸಾಕು. ಇದಕ್ಕಿಂತ ಸುಲಭವಾದುದು ಮೇಲಿನ ಯಾವುದರಲ್ಲಿಯೂ ಇಲ್ಲ. ಆದರೆ ಮುಂಬಾಗಿಲಿನಿಂದ ಕಳುಹಿಸಿದ ಕೇಂದ್ರವು ಹಿಂಬಾಗಿಲಿನಿಂದ ಒಳಬಂದಿದೆಯೆಂಬುದನ್ನು ಮರೆಯಬಾರದು.

ಇಗ್‌ಡ್ರಸಿಲ್. ಇದು ಇನ್ನೂ ಪ್ರಯೋಗದ ಸ್ವರೂಪದ್ದು. ಆದರೆ ಇದರ ಹಿಂದಿನ ಕಲ್ಪನೆಯು ಸೊಗಸಾದುದು. ಇಲ್ಲಿ ಯಂತ್ರದ ವಿಳಾಸವು ಅದರ ಬಹಿರಂಗ ಕೀಲಿಯಿಂದಲೇ ಹುಟ್ಟುತ್ತದೆ. ವಿಳಾಸವೇ ಮುದ್ರೆಯಾದುದರಿಂದ ಪರಿಚಯಿಸುವ ಮೂರನೆಯವರು ಬೇಕಿಲ್ಲ. ಗೋಪಾಲನ ವಿಳಾಸವನ್ನು ಅವನ ಬಾಯಿಂದಲೇ ಕೇಳಿ ಬರೆದುಕೊಂಡರಾಯಿತು. ಆದರೆ ಇಲ್ಲಿ ಸದಸ್ಯತ್ವವೆಂಬುದಿಲ್ಲ. ಲೋಕದಾದ್ಯಂತ ಹರಡಿದ ಆ ಜಾಲಕ್ಕೆ ಕೂಡಿಕೊಂಡರೆ ಅದರಲ್ಲಿರುವ ಯಾವ ಯಂತ್ರವೂ ನಮ್ಮ ಬಾಗಿಲನ್ನು ತಟ್ಟಬಹುದು. ಆದುದರಿಂದ ಪ್ರತಿಯೊಂದು ಯಂತ್ರಕ್ಕೂ ತನ್ನದೇ ಕಾವಲು ಇರಬೇಕು. ಯಾರನ್ನೂ ಊರಿನಿಂದ ಹೊರಹಾಕಲಾಗದು. ನಮ್ಮ ಮನೆಯ ಬಾಗಿಲನ್ನು ಮಾತ್ರ ಮುಚ್ಚಿಕೊಳ್ಳಬಹುದು.

ಮೆಶ್‌ಟಾಸ್ಟಿಕ್. ಇಂಟರ್‌ನೆಟ್ಟೇ ಇಲ್ಲದ ಕಡೆ ಲೋರಾ ಎಂಬ ರೇಡಿಯೋ ವಿಧಾನದಿಂದ ಚಿಕ್ಕ ಸಂದೇಶಗಳನ್ನು ಕಿಲೋಮೀಟರುಗಟ್ಟಲೆ ದೂರ ದಾಟಿಸುವ ಈ ಯೋಜನೆಯು ೨೦೨೦ರಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ ೮೬೫ ಮೆಗಾಹರ್ಟ್ಸಿನಿಂದ ಮೊದಲಾಗುವ ತರಂಗಪಟ್ಟಿಯಲ್ಲಿ, ಗೊತ್ತುಪಡಿಸಿದ ಶಕ್ತಿಯ ಮಿತಿಯೊಳಗೆ, ಲೈಸೆನ್ಸಿಲ್ಲದೆ ಇಂತಹ ಸಾಧನಗಳಿಗೆ ಅವಕಾಶವಿದೆ. ಸಾಧಾರಣವಾಗಿ ಒಂದು ಸಂದೇಶವನ್ನು ಮೂರು ಬಾರಿ, ಹೆಚ್ಚೆಂದರೆ ಏಳು ಬಾರಿ ಗಂಟಿನಿಂದ ಗಂಟಿಗೆ ದಾಟಿಸಬಹುದು. ಗುಂಪಿನವರೆಲ್ಲರಿಗೂ ಒಂದೇ ಕೀಲಿ. ಒಂದು ಸಾಧನವು ಕಳೆದರೆ ಎಲ್ಲರೂ ಹೊಸ ಕೀಲಿಗೆ ಬದಲಾಗಬೇಕು. ಹಿಡಿದಿಟ್ಟ ಹಳೆಯ ಗುಂಪುಸಂದೇಶಗಳೂ ಆ ಕೀಲಿಯಿಂದ ತೆರೆದುಕೊಳ್ಳುವುವು. ಸಾಧನದೊಂದಿಗೆ ಬರುವ ಆರಂಭದ ಕೀಲಿಯು ಲೋಕಕ್ಕೆಲ್ಲ ಗೊತ್ತಿರುವಂಥದು. ಇಬ್ಬರ ನಡುವಣ ಖಾಸಗಿ ಸಂದೇಶಕ್ಕೆ ಜೋಡಿ ಕೀಲಿಗಳ ಏರ್ಪಾಡು ೨೦೨೪ರಲ್ಲಿ ಬಂದಿತು. ಆದರೆ ಕೆಲವು ಮಾರಾಟಗಾರರು ಒಂದೇ ಅಚ್ಚನ್ನು ಅನೇಕ ಸಾಧನಗಳಿಗೆ ನಕಲು ಮಾಡಿದ್ದರಿಂದ, ಬೇರೆ ಬೇರೆ ಜನರ ಕೈಯಲ್ಲಿ ಒಂದೇ ಕೀಲಿ ಇದ್ದುದು ೨೦೨೫ರಲ್ಲಿ ಬೆಳಕಿಗೆ ಬಂದು, ತಂತ್ರಾಂಶವನ್ನು ತಿದ್ದಬೇಕಾಯಿತು. ಗಣಿತದಲ್ಲಿ ದೋಷವಿರಲಿಲ್ಲ, ಕೀಲಿಯನ್ನು ಮಾಡಿದ ಬಗೆಯಲ್ಲಿ ದೋಷವಿತ್ತು.

೫. ಹೋಲಿಕೆಯ ಫಲ

ಮೇಲಿನ ಹೋಲಿಕೆಯಿಂದ ಒಂದು ನಿಯಮವು ತಾನಾಗಿ ಹೊರಡುತ್ತದೆ. ಜಾಲವು ಕೇಂದ್ರದಿಂದ ದೂರವಾದಷ್ಟೂ ಅದನ್ನು ಒಬ್ಬರೇ ಕೆಡಿಸುವುದು ಕಷ್ಟ. ಆದರೆ ಕೆಟ್ಟ ಗಂಟನ್ನು ಹೊರಹಾಕುವುದೂ ಅಷ್ಟೇ ಕಷ್ಟ. ಸ್ವಾತಂತ್ರ್ಯ ಹೆಚ್ಚಿದಂತೆ ಪ್ರತಿಯೊಬ್ಬರ ಎಚ್ಚರವೂ ಹೆಚ್ಚಬೇಕು. ನಮ್ಮ ವಿದ್ಯಾಸಂಘದ ಉದಾಹರಣೆಗೆ, ಮೂಲ ಕೀಲಿಯನ್ನು ಜೋಪಾನವಾಗಿಡಬಲ್ಲ ಒಬ್ಬ ಹೊಣೆಗಾರರಿದ್ದರೆ ನೆಬ್ಯುಲಾ ಯೋಗ್ಯವೆಂದು ತೋರುತ್ತದೆ. ಮೂರು ನಾಲ್ಕೇ ಯಂತ್ರಗಳಾದರೆ ಬರಿಯ ವೈರ್‌ಗಾರ್ಡ್ ಸಾಕು. ನೆರೆ, ಬಿರುಗಾಳಿಗಳ ಕಾಲದಲ್ಲಿ ಕ್ಷೇಮಸಮಾಚಾರಕ್ಕೆ ಮೆಶ್‌ಟಾಸ್ಟಿಕ್ ಒದಗುವುದೇ ಹೊರತು ಅಂಕಪಟ್ಟಿಯನ್ನು ಕಳುಹಿಸಲು ಅಲ್ಲ. ಜಾಲಗಳ ಒಳಮರ್ಮವನ್ನು ಕಲಿಯಬಯಸುವ ವಿದ್ಯಾರ್ಥಿಗೆ ಇಗ್‌ಡ್ರಸಿಲ್ ಒಳ್ಳೆಯ ಪ್ರಯೋಗಶಾಲೆ.

ಇನ್ನೊಂದು ಮಾತನ್ನು ಸೇರಿಸಬೇಕು. ಇವುಗಳಲ್ಲಿ ಯಾವುದೂ ನಮ್ಮನ್ನು ಅದೃಶ್ಯರನ್ನಾಗಿ ಮಾಡುವುದಿಲ್ಲ. ಮುಚ್ಚಿದ ಲಕೋಟೆಯ ಒಳಗೆ ಏನಿದೆಯೆಂದು ತಿಳಿಯದಿದ್ದರೂ, ಯಾರಿಂದ ಎಲ್ಲಿಗೆ ಯಾವಾಗ ಹೋಯಿತೆಂಬುದನ್ನು ದಾರಿಯಲ್ಲಿರುವವರು ಊಹಿಸಬಹುದು. ಗೂಢಲಿಪಿಯು ಪತ್ರವನ್ನು ಕಾಯುವುದು. ಪತ್ರವನ್ನು ಬರೆದವನ ನಡತೆಯನ್ನಲ್ಲ.

ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಕ್ಕಳ ಕೈಗೆ ಫೋನನ್ನು ಕೊಡುವಾಗ ಮೂರು ಅಭ್ಯಾಸಗಳನ್ನೂ ಕೊಡಿರಿ. ಖಾಸಗಿ ಕೀಲಿಯನ್ನೂ ಗುಪ್ತಪದವನ್ನೂ ಯಾರಿಗೂ ಕಳುಹಿಸದಿರುವುದು. ಹೊಸಬರ ಗುರುತನ್ನು ಎದುರಿನಲ್ಲಿಯೋ ಪರಿಚಿತ ಧ್ವನಿಯಿಂದಲೋ ಖಚಿತಪಡಿಸಿಕೊಳ್ಳುವುದು. ಸಾಧನವು ಕಳೆದುಹೋದರೆ ಬೈಗುಳಕ್ಕೆ ಅಂಜದೆ ಅದೇ ಗಳಿಗೆಯಲ್ಲಿ ಹಿರಿಯರಿಗೆ ತಿಳಿಸುವುದು. ಮೂರನೆಯದು ನಡೆಯಬೇಕಾದರೆ ಹಿರಿಯರೂ ಮೊದಲು ಬೈಯದೆ ಕೇಳಿಸಿಕೊಳ್ಳಬೇಕು. ಏಕೆಂದರೆ, ಮಗುವು ಹೆದರಿ ಮುಚ್ಚಿಟ್ಟ ಒಂದು ದಿನದಲ್ಲಿ ಉಳಿದ ಒಂಬತ್ತು ಯಂತ್ರಗಳ ಬಾಗಿಲೂ ತೆರೆದೇ ಇರುತ್ತದೆ.

ಅಭ್ಯಾಸ

೧. ಇಪ್ಪತ್ತು ಯಂತ್ರಗಳು ವೈರ್‌ಗಾರ್ಡಿನಿಂದ ನೇರವಾಗಿ ಕೂಡಬೇಕಾದರೆ ಒಟ್ಟು ಎಷ್ಟು ನಮೂದುಗಳು ಬೇಕು? ಜೋಡಿಗಳು ಎಷ್ಟು?

೨. ಆರು ಗಂಟುಗಳ ಬಲೆಯನ್ನೂ ಆರು ಕಡ್ಡಿಗಳ ಚಕ್ರವನ್ನೂ ಬರೆದು, ಯಾವ ಗಂಟನ್ನು ಅಳಿಸಿದರೆ ಏನಾಗುವುದೆಂದು ಪರೀಕ್ಷಿಸಿರಿ.

೩. ‘ಬೀಗವು ಭದ್ರವಾಗಿದ್ದರೆ ಸಾಲದು’ ಎಂಬುದನ್ನು ಈ ಪಾಠದ ಎರಡು ಉದಾಹರಣೆಗಳಿಂದ ಸಮರ್ಥಿಸಿರಿ.

೪. ನಿಮ್ಮ ತರಗತಿಯ ಗ್ರಂಥಾಲಯದ ಕಪಾಟಿಗೆ ಒಂದೇ ಕೀಲಿಕೈ ಇರುವುದು ಲೇಸೋ, ಪ್ರತಿಯೊಬ್ಬರಿಗೂ ಒಂದೊಂದು ಇರುವುದು ಲೇಸೋ? ಕಾರಣಸಹಿತ ಬರೆಯಿರಿ.