ಎರಡು ಕ್ಯಾಮೆರಾ, ಮೂರು ಊರು: ಜೇಬಿನ ಕ್ಯಾಮೆರಾ ಆರಿಸಲು ಹತ್ತು ಸೂತ್ರಗಳು

ಅಂಗಡಿಯ ಗಾಜಿನ ಮೇಜಿನ ಮೇಲೆ ಎರಡು ಕ್ಯಾಮೆರಾ ಇವೆ. ಒಂದು ರಿಕೋ ಜಿಆರ್ 3, ಇನ್ನೊಂದು ಕ್ಯಾನನ್ ಪವರ್‌ಶಾಟ್ ಜಿ7 ಎಕ್ಸ್ ಮಾರ್ಕ್ 3. ಎರಡೂ 2019ರಲ್ಲಿ ಬಂದವು, ಎರಡೂ ಅಂಗೈಯಲ್ಲಿ ಕೂರುತ್ತವೆ. "ಸೆನ್ಸರ್ ದೊಡ್ಡದಿರೋದನ್ನೇ ತಗೊಳ್ಳಿ ಸಾರ್, ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಅನ್ನುತ್ತಾರೆ ಅಂಗಡಿಯವರು. ಅವರ ಮಾತು ಸುಳ್ಳಲ್ಲ, ಅರ್ಧ ನಿಜ. ಉಳಿದರ್ಧ ತಿಳಿಯಲು ನಾನು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಒಂದೇ ರೈಲು ಮಾರ್ಗದ ಮೇಲಿರುವ ಅಹಮದಾಬಾದ್, ವಡೋದರಾ, ಸೂರತ್ ಸುತ್ತಿಬಂದೆ. ಕತ್ತಲ ಬಾವಿ, ಆಕಾಶದ ಗಾಳಿಪಟ, ರಾತ್ರಿಯ ಕುಣಿತ, ಸೀರೆಯ ಪೇಟೆ ಎಲ್ಲವೂ ಅಲ್ಲಿವೆ. ಕ್ಯಾಮೆರಾ ಪರೀಕ್ಷೆಗೆ ಇನ್ನೇನು ಬೇಕು? ನೋಟ್‌ಬುಕ್ಕಿನಲ್ಲಿ ಗೀಚಿಕೊಂಡದ್ದು ಇಷ್ಟು.

1. ಹೆಸರು ನಂಬಬೇಡಿ, ಮಿಲಿಮೀಟರ್ ಕೇಳಿ

ಕ್ಯಾನನ್‌ನ ಸೆನ್ಸರನ್ನು "ಒಂದು ಇಂಚಿನದು" ಎಂದು ಕರೆಯುತ್ತಾರೆ. ಅಳೆದರೆ ಯಾವ ಕಡೆಯಿಂದಲೂ ಇಂಚು ಸಿಗುವುದಿಲ್ಲ. ಅದರ ಅಳತೆ 13.2 × 8.8 ಮಿ.ಮೀ., ಮೂಲೆಯಿಂದ ಮೂಲೆಗೆ ಹಿಡಿದರೂ ಸುಮಾರು 16 ಮಿ.ಮೀ. ಹಳೆಯ ಟಿ.ವಿ. ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರ ಅಳತೆಯಿಂದ ಬಂದ ಹೆಸರದು, ಕೊಳವೆ ಹೋದರೂ ಹೆಸರು ಉಳಿಯಿತು. ರಿಕೋದಲ್ಲಿರುವುದು ಎಪಿಎಸ್-ಸಿ ಸೆನ್ಸರ್, 23.5 × 15.6 ಮಿ.ಮೀ. ಉದ್ದಗಲ ಗುಣಿಸಿ ನೋಡಿ: ಒಂದು 116 ಚದರ ಮಿ.ಮೀ., ಇನ್ನೊಂದು 366. ಮೂರು ಪಟ್ಟಿಗಿಂತ ತುಸು ಹೆಚ್ಚು. ಅಗ್ಗದ ಕಾಂಪ್ಯಾಕ್ಟ್‌ಗಳಲ್ಲಿ ಬರುವ ಪುಟ್ಟ ಸೆನ್ಸರಿನದು ಬರೀ 28. ಮೆಗಾಪಿಕ್ಸೆಲ್ ಮಾತ್ರ 20 ಮತ್ತು 24, ಹೆಚ್ಚುಕಡಿಮೆ ಒಂದೇ. ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

2. ತೊಟ್ಟಿ ಅಳೆದ ಮೇಲೆ ಮಾಡಿನ ತೆರವೂ ಅಳೆಯಿರಿ

ನಮ್ಮ ತೊಟ್ಟಿಮನೆ ನೆನಪಿಸಿಕೊಳ್ಳಿ. ಅಹಮದಾಬಾದಿನ ಹಳೆಯ ಓಣಿ ಮನೆಗಳಲ್ಲೂ ಹಾಗೆಯೇ ನಡುವೆ ಒಂದು ಚೌಕ್ ಇರುತ್ತದೆ. ತೊಟ್ಟಿ ಎಷ್ಟೇ ವಿಶಾಲವಾಗಿರಲಿ, ಮೇಲೆ ಮಾಡಿನ ತೆರವು ಕಿರಿದಾಗಿದ್ದರೆ ಬಿಸಿಲು ಬೀಳುವುದು ಅಷ್ಟಕ್ಕಷ್ಟೆ. ಸೆನ್ಸರ್ ತೊಟ್ಟಿ, ಲೆನ್ಸಿನ ಅಪರ್ಚರ್ ಮಾಡಿನ ತೆರವು.

ಲೆಕ್ಕ ಸುಲಭ. ಎಫ್ ಸಂಖ್ಯೆಯನ್ನು ಆ ಸೆನ್ಸರಿನ ಕ್ರಾಪ್ ಫ್ಯಾಕ್ಟರ್‌ನಿಂದ (ಹಳೆಯ ಫಿಲ್ಮಿನ ಚೌಕಟ್ಟಿಗಿಂತ ಸೆನ್ಸರ್ ಎಷ್ಟು ಪಟ್ಟು ಚಿಕ್ಕದೆಂದು ಹೇಳುವ ಅಂಕಿ) ಗುಣಿಸಿ. ಕ್ಯಾನನ್ ಜೂಮ್ ಮಾಡದಿದ್ದಾಗ ಎಫ್ 1.8, ಕ್ರಾಪ್ 2.7, ಗುಣಿಸಿದರೆ 4.9. ರಿಕೋ ಎಫ್ 2.8, ಕ್ರಾಪ್ 1.5, ಗುಣಿಸಿದರೆ 4.2. ಕಡಿಮೆ ಬಂದದ್ದೇ ಮುಂದೆ. ರಿಕೋ ಗೆದ್ದಿತು ನಿಜ, ಆದರೆ ಮೂರು ಪಟ್ಟಿದ್ದ ಮೇಲುಗೈ ಮೂರನೇ ಒಂದು ಪಾಲಿನಷ್ಟು ಹೆಚ್ಚು ಬೆಳಕಿಗೆ ಇಳಿದುಹೋಯಿತು. ಈ ಒಂದು ಗುಣಾಕಾರ ಗೊತ್ತಿದ್ದರೆ ಅಂಗಡಿಯಲ್ಲಿ ಯಾರೂ ನಿಮಗೆ ಟೋಪಿ ಹಾಕಲಾರರು.

3. ರಾತ್ರಿ ಪರೀಕ್ಷೆಯನ್ನು ದೋಸೆ ಹೆಂಚಿನ ಮುಂದೆ ಮಾಡಿ

ಅಹಮದಾಬಾದಿನ ಮಾಣೆಕ್ ಚೌಕ ಹಗಲಲ್ಲಿ ಚಿನಿವಾರ ಪೇಟೆ, ರಾತ್ರಿ ತಿಂಡಿಯ ಸಂತೆ. ಅಲ್ಲಿ "ಗ್ವಾಲಿಯರ್ ದೋಸೆ" ಎಂಬುದೊಂದು ಸಿಗುತ್ತದೆ. ದೋಸೆಗೆ ಗ್ವಾಲಿಯರಿನ ಹೆಸರೇ ಎಂದು ಕನ್ನಡದ ಹೊಟ್ಟೆ ಒಂದು ಕ್ಷಣ ಉರಿಯುತ್ತದೆ. ಹೆಂಚಿಗೆ ಬೀಳುವ ಬೆಣ್ಣೆ ನೋಡಿದರೆ ದಾವಣಗೆರೆಯವರೂ ಸುಮ್ಮನಾಗುತ್ತಾರೆ. ಹೆಂಚಿನ ಮೇಲೊಂದು ಬರಿಯ ಎಲ್‌ಇಡಿ ಬಲ್ಬು, ಕೆಳಗೆ ಹೊಗೆ, ನಡುವೆ ಒಂದೇ ಸಮನೆ ಓಡಾಡುವ ಕೈ.

ಎರಡೂ ಕ್ಯಾಮೆರಾಗಳಲ್ಲಿ ಶಟರ್ ವೇಗ ಸೆಕೆಂಡಿನ 125ನೇ ಒಂದು ಭಾಗಕ್ಕೆ ನಿಲ್ಲಿಸಿ, ಅಪರ್ಚರ್ ಪೂರ್ತಿ ತೆರೆದು, ಐಎಸ್‌ಒ ಆಟೋಗೆ ಬಿಟ್ಟೆ. ಕ್ಯಾನನ್ 1250 ಎಂದಲ್ಲಿ ರಿಕೋ 3200ರ ಹತ್ತಿರ ಹೋಯಿತು. ದೊಡ್ಡ ಸೆನ್ಸರ್ ಹೆಚ್ಚಿನ ಐಎಸ್‌ಒದ ಕಾಳುಕಾಳನ್ನು ತಡೆದುಕೊಂಡಿತು, ಆದರೆ ಅದರ ದುಡಿಮೆಯ ಬಹುಪಾಲು ಕಿರಿದಾದ ಅಪರ್ಚರಿನ ಸಾಲ ತೀರಿಸುವುದಕ್ಕೇ ಹೋಯಿತು. ಮೊಬೈಲ್ ಪರದೆಯಲ್ಲಿ ಎರಡನ್ನೂ ಇಟ್ಟರೆ ಯಾವುದು ಯಾವುದೆಂದು ಹೇಳಲು ನನಗೇ ಆಗಲಿಲ್ಲ. ಕಂಪ್ಯೂಟರಿನಲ್ಲಿ ಹಿಗ್ಗಿಸಿದಾಗ ರಿಕೋ ತುಸು ಮೇಲು, ತುಸುವೇ. ನೀವು ಹೋಲಿಸುವಾಗಲೂ ಒಂದೇ ಐಎಸ್‌ಒ ಇಟ್ಟು ಹೋಲಿಸಬೇಡಿ. ಶಟರ್ ವೇಗ ಒಂದೇ ಇಟ್ಟು, ಅಪರ್ಚರ್ ಅವಕ್ಕಿರುವಷ್ಟು ತೆರೆದು ನೋಡಿ. ನಿಜ ಬದುಕಿನಲ್ಲಿ ಫೋಟೊ ತೆಗೆಯುವುದು ಹಾಗೆಯೇ ಅಲ್ಲವೇ?

4. ದೊಡ್ಡ ಸೆನ್ಸರಿನ ಗತ್ತು ನೋಡಬೇಕಾದರೆ ಹಗಲಲ್ಲಿ ನೋಡಿ

ಕತ್ತಲಿಗೇ ದೊಡ್ಡ ಸೆನ್ಸರ್ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಅಹಮದಾಬಾದಿನಿಂದ ಉತ್ತರಕ್ಕೆ ಸುಮಾರು 18 ಕಿ.ಮೀ. ದೂರದ ಅಡಾಲಜ್‌ಗೆ ಹೋಗಿ ನೋಡಿ. 15ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಐದು ಅಂತಸ್ತಿನ ಮೆಟ್ಟಿಲುಬಾವಿ ಅದು. ಮೇಲೆ ಕಣ್ಣು ಕೋರೈಸುವ ಬಿಸಿಲು, ಕೆಳಗಿನ ಅಂತಸ್ತಿನಲ್ಲಿ ಮಬ್ಬು. ಇಲ್ಲಿ ಬೆಳಕಿಗೆ ಬರವಿಲ್ಲ, ಎರಡೂ ಕ್ಯಾಮೆರಾ ತಮ್ಮ ಅತಿ ಕಡಿಮೆ ಐಎಸ್‌ಒದಲ್ಲಿ ನಿಲ್ಲುತ್ತವೆ: ರಿಕೋ 100, ಕ್ಯಾನನ್ 125. ಆಗ ಮಾಡಿನ ತೆರವಿನ ಮಾತೇ ಇಲ್ಲ, ತೊಟ್ಟಿಯಲ್ಲಿ ಎಷ್ಟು ಹಿಡಿಸುತ್ತದೆ ಎಂಬುದೊಂದೇ ಲೆಕ್ಕ. ಮೂರು ಪಟ್ಟು ದೊಡ್ಡ ತೊಟ್ಟಿ ತನ್ನ ಮೂರು ಪಟ್ಟನ್ನೂ ತೋರಿಸುವುದು ಇಲ್ಲಿ. ರಾ ಫೈಲ್‌ನಲ್ಲಿ ತೆಗೆದು, ಆಮೇಲೆ ನೆರಳಿನ ಭಾಗ ಎತ್ತಿದರೆ ಕಂಬದ ಕೆತ್ತನೆ ಸ್ವಚ್ಛವಾಗಿ ಮೇಲೆದ್ದು ಬರುತ್ತದೆ. ಜೆಪೆಗ್‌ನಲ್ಲೇ ತೃಪ್ತರಾಗುವವರಿಗೆ ಈ ಲಾಭದ ಬಹುಪಾಲು ಸಿಗುವುದಿಲ್ಲ, ಅಂಥವರು ಅದಕ್ಕೆ ದುಡ್ಡು ಸುರಿಯುವುದೂ ಬೇಡ.

ಒಂದು ಎಚ್ಚರ: ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು. ಎರಡೂ ಕ್ಯಾಮೆರಾಗಳಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇದೆ. ಕಂಬಕ್ಕೆ ಒರಗಿ, ಉಸಿರು ಬಿಗಿಹಿಡಿದು ಒತ್ತಿ.

5. ಜೂಮ್ ಬೇಕೋ ಬೇಡವೋ, ಗಾಳಿಪಟದ ಹತ್ತಿರ ಕೇಳಿ

ಜನವರಿ 14. ನಾವಿಲ್ಲಿ ಎಳ್ಳುಬೆಲ್ಲ ಬೀರುವ ದಿನ ಅಹಮದಾಬಾದಿನ ಜನವೆಲ್ಲ ತಾರಸಿಯ ಮೇಲಿರುತ್ತದೆ. ಉತ್ತರಾಯಣದ ಆಕಾಶದಲ್ಲಿ ಪಟ ತುಂಡಾದಾಗಲೆಲ್ಲ "ಕಾಯ್ ಪೋ ಛೇ" ಎಂಬ ಕೂಗು. ರಿಕೋದ ಲೆನ್ಸು 28 ಮಿ.ಮೀ. ನೋಟದ್ದು, ಜೂಮ್ ಇಲ್ಲ. ಅದರಲ್ಲಿ ಗಾಳಿಪಟಗಳು ಸಾಸಿವೆ ಚೆಲ್ಲಿದಂತೆ ಕಾಣುತ್ತವೆ. ಕ್ಯಾನನ್ 24ರಿಂದ 100 ಮಿ.ಮೀ.ವರೆಗೆ ಎಳೆಯುತ್ತದೆ, ಪೂರ್ತಿ ಎಳೆದರೂ ಎಫ್ 2.8 ಉಳಿಸಿಕೊಳ್ಳುತ್ತದೆ.

"ರಿಕೋದಲ್ಲಿ ಕತ್ತರಿಸಿಕೊಂಡರಾಯಿತು" ಎನ್ನುವವರಿಗೆ ಒಂದು ಲೆಕ್ಕ. ಅದರ ಕ್ರಾಪ್ ಆಯ್ಕೆಯಲ್ಲಿ 50 ಮಿ.ಮೀ.ಗೆ ಹೋದರೆ ಚಿತ್ರ ಸುಮಾರು 7 ಮೆಗಾಪಿಕ್ಸೆಲ್‌ಗೆ ಇಳಿಯುತ್ತದೆ, ಕೆಲಸಕ್ಕೆ ಬರುವ ಸೆನ್ಸರ್ ಜಾಗ ಸುಮಾರು 115 ಚದರ ಮಿ.ಮೀ. ಕ್ಯಾನನ್‌ನ ಇಡೀ ಸೆನ್ಸರಿನ ವಿಸ್ತೀರ್ಣ ಎಷ್ಟೆಂದಿದ್ದೆವು? 116. ಅಂದರೆ 50ರ ಹೊಸ್ತಿಲಲ್ಲಿ ದೊಡ್ಡ ಸೆನ್ಸರ್ ಚಿಕ್ಕದಾಗಿಬಿಡುತ್ತದೆ, ಅದರಾಚೆ ಕ್ಯಾನನ್‌ನದೇ ರಾಜ್ಯ. ಈ ಹೊಸ್ತಿಲನ್ನು ನೆನಪಿಟ್ಟುಕೊಳ್ಳಿ.

6. ಓಣಿಯಲ್ಲಿ ಫೋಕಸ್ ಮೊದಲೇ ಕಟ್ಟಿಡಿ

ಅಹಮದಾಬಾದಿನ ಹಳೆಯ ಊರು 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ನಗರವಾಯಿತು, ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ. ಅದರ ಪೋಳ್‌ಗಳೆಂದರೆ ಬಾಗಿಲಿರುವ ಓಣಿಗಳು. ಅಲ್ಲಿ ಸ್ಕೂಟರ್, ಹಸು, ಹಪ್ಪಳ ಒಣಗಿಸುವ ಅಜ್ಜಿ ಎಲ್ಲ ಎರಡು ಹೆಜ್ಜೆಯಲ್ಲೇ ಎದುರಾಗುತ್ತಾರೆ. ರಿಕೋದ ಸ್ನ್ಯಾಪ್ ಫೋಕಸ್ ಬಳಸಿ: ದೂರ 2.5 ಮೀಟರ್, ಎಫ್ 5.6. ಒಂದೂವರೆ ಮೀಟರಿನಿಂದ ಹತ್ತು ಮೀಟರಿನಾಚೆವರೆಗೆ ಎಲ್ಲ ತಕ್ಕಮಟ್ಟಿಗೆ ಸ್ಪಷ್ಟ. ಗುಂಡಿ ಒತ್ತುವುದಷ್ಟೇ ಕೆಲಸ. ಇಡೀ ಮನೆಯ ಮುಂಭಾಗ ಬೇಕಾದರೆ ಕ್ಯಾನನ್‌ನ 24 ಮಿ.ಮೀ. ಹೆಚ್ಚು ಅಗಲ ಹಿಡಿಯುತ್ತದೆ. ಹಿಂದೆ ಸರಿಯಲು ಗೋಡೆ ಬಿಡದ ಕಡೆ ಆ ನಾಲ್ಕು ಮಿಲಿಮೀಟರ್ ದೊಡ್ಡದು. ಅಜ್ಜಿಯ ಫೋಟೊ ತೆಗೆಯುವ ಮುನ್ನ "ಬಾ" ಎಂದು ಕರೆದು ಕೇಳಿ. ಗುಜರಾತಿಯಲ್ಲಿ ಬಾ ಎಂದರೆ ಅಮ್ಮ.

7. ಕುಣಿತಕ್ಕೆ ಸೆನ್ಸರಿಗಿಂತ ಶಟರ್ ಮುಖ್ಯ

ವಡೋದರಾದ ನವರಾತ್ರಿಯಲ್ಲಿ ದೊಡ್ಡ ಮೈದಾನಗಳೇ ಗರ್ಬಾದ ವೃತ್ತಗಳಾಗಿ ತಿರುಗುತ್ತವೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ ಕುಣಿತ ಅದು. ಬೇ ತಾಳಿ ಎಂದರೆ ಎರಡು ಚಪ್ಪಾಳೆ, ತ್ರಣ ತಾಳಿ ಎಂದರೆ ಮೂರು. ಮೊದಲು ತಾಳ ಎಣಿಸಿ, ಚಪ್ಪಾಳೆಗೆ ಕೈ ಸೇರುವ ಕ್ಷಣಕ್ಕೆ ಒತ್ತಿ. ಕೈ ಕಲಸಿಹೋಗಬಾರದೆಂದರೆ ಸೆಕೆಂಡಿನ 250ನೇ ಒಂದು ಭಾಗ. ಲಂಗದ ಸುತ್ತು ಬಣ್ಣದ ಸುಳಿಯಾಗಬೇಕೆಂದರೆ 15ನೇ ಒಂದು ಭಾಗ. ವೃತ್ತದ ಅಂಚಿನಲ್ಲಿ ನಿಲ್ಲುವವರಿಗೆ ಜೂಮ್ ಬೇಕು, ಒಳಗೆ ಸೇರಿ ತಾವೂ ಎರಡು ಸುತ್ತು ಹಾಕುವವರಿಗೆ 28 ಮಿ.ಮೀ. ಸಾಕು. ವಿಡಿಯೊ ಬೇಕೆಂದರೆ ಮಾತೇ ಮುಗಿಯಿತು: ಕ್ಯಾನನ್ 4ಕೆ ಕೊಡುತ್ತದೆ, ಪರದೆಯನ್ನು ಮುಖದ ಕಡೆ ತಿರುಗಿಸಿಕೊಳ್ಳಬಹುದು. ರಿಕೋ ಫುಲ್ ಎಚ್‌ಡಿಗೆ ನಿಲ್ಲುತ್ತದೆ.

8. ಸೀರೆಯ ಮುಂದೆ ಸ್ಪಷ್ಟತೆಯೇ ಶತ್ರುವಾಗಬಹುದು

ಸೂರತ್‌ನ ರಿಂಗ್ ರೋಡ್ ಜವಳಿ ಮಾರುಕಟ್ಟೆಗೆ ಖರೀದಿಗೆ ಹೋಗುವ ನಮ್ಮ ಅಂಗಡಿಯವರಿಗೆ ಇದು ಕಿವಿಮಾತು. ನೇಯ್ಗೆಯ ಎಳೆಯೂ ಪಿಕ್ಸೆಲ್‌ಗಳ ಸಾಲೂ ಒಂದರ ಮೇಲೊಂದು ಬಿದ್ದಾಗ ಸೀರೆಯಲ್ಲಿ ಇಲ್ಲದ ಅಲೆಗಳು ಫೋಟೊದಲ್ಲಿ ಹುಟ್ಟುತ್ತವೆ. ಅದರ ಹೆಸರು ಮ್ವಾರೆ. ರಿಕೋದಲ್ಲಿ ಅದನ್ನು ತಡೆಯುವ ಫಿಲ್ಟರ್ ಸೆನ್ಸರಿನ ಮುಂದೆ ಇಲ್ಲ, ಬದಲಿಗೆ ಸೆನ್ಸರನ್ನೇ ಸೂಕ್ಷ್ಮವಾಗಿ ಅಲುಗಿಸುವ ಎಎ ಫಿಲ್ಟರ್ ಸಿಮ್ಯುಲೇಟರ್ ಮೆನುವಿನಲ್ಲಿದೆ. ಸೀರೆಗೆ ಅದನ್ನು ಆನ್ ಮಾಡಿ, ಇಲ್ಲವೇ ಅರ್ಧ ಹೆಜ್ಜೆ ಹಿಂದೆ ಸರಿದು ನೋಡಿ.

ಎರಡನೆಯದು ದೀಪ. ನಮ್ಮ ವಿದ್ಯುತ್ತು 50 ಹರ್ಟ್ಸ್, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ವೇಗ 50 ಅಥವಾ 100ನೇ ಒಂದು ಭಾಗಕ್ಕಿಟ್ಟರೆ ಎಲ್ಲ ಫೋಟೊ ಒಂದೇ ಹದಕ್ಕೆ ಬರುತ್ತವೆ. ಇಲ್ಲವಾದರೆ ಒಂದು ಬೆಳ್ಳಗೆ, ಮುಂದಿನದು ಮಂಕು. ಜೊತೆಗೆ ಒಂದು ಬಿಳಿ ಹಾಳೆ ತೋರಿಸಿ ವೈಟ್ ಬ್ಯಾಲೆನ್ಸ್ ಕಟ್ಟಿಕೊಳ್ಳಿ. ಸೂರತ್‌ನಲ್ಲಿ ತೆಗೆದ ರಾಣಿ ಬಣ್ಣ ಚಿಕ್ಕಪೇಟೆಯ ಗಿರಾಕಿಯ ಮೊಬೈಲಿನಲ್ಲಿ ಕೆಂಪಾಗಿ ಕಂಡರೆ ವ್ಯಾಪಾರ ಕೆಟ್ಟಿತು. ಮನೆಯಲ್ಲೇ ಪರೀಕ್ಷಿಸಬೇಕೆಂದರೆ ಇಳಕಲ್ ಸೀರೆಯ ಒಡಲು ಸಾಕು. ವಜ್ರ, ಒಡವೆಗಳಿಗೆ ಮಾತ್ರ ಚಿಕ್ಕ ಸೆನ್ಸರೇ ವಾಸಿ. ಒಂದೇ ಎಫ್ ಸಂಖ್ಯೆಯಲ್ಲಿ ಅದು ಮುಂದಿನಿಂದ ಹಿಂದಿನವರೆಗೆ ಹೆಚ್ಚು ಭಾಗವನ್ನು ಸ್ಪಷ್ಟವಾಗಿಡುತ್ತದೆ.

9. ಜೇಬು, ಬ್ಯಾಟರಿ, ಧೂಳು: ಮೂರನ್ನೂ ತೂಗಿ

ದೊಡ್ಡ ಸೆನ್ಸರಿನದು ದಪ್ಪಗಿರಬೇಕಲ್ಲವೇ? ಇಲ್ಲಿ ಉಲ್ಟಾ. ರಿಕೋ 257 ಗ್ರಾಂ, 33 ಮಿ.ಮೀ. ದಪ್ಪ, ಕ್ಯಾನನ್ 304 ಗ್ರಾಂ, 41 ಮಿ.ಮೀ. ಜೂಮ್ ಬಿಟ್ಟುಕೊಟ್ಟದ್ದಕ್ಕೆ ರಿಕೋಗೆ ಸಿಕ್ಕ ಪ್ರತಿಫಲ ಅದು, ಶರ್ಟಿನ ಜೇಬಿಗೂ ಇಳಿಯುತ್ತದೆ. ಬ್ಯಾಟರಿ ಎರಡರದ್ದೂ ಬಡಪಾಯಿ. ತಯಾರಕರ ಲೆಕ್ಕದಲ್ಲೇ ರಿಕೋ ಸುಮಾರು 200, ಕ್ಯಾನನ್ 235 ಚಿತ್ರ. ಇನ್ನೊಂದು ಬ್ಯಾಟರಿ ಇಲ್ಲದೆ ಹೊರಡಬೇಡಿ. ಎರಡಕ್ಕೂ ಧೂಳು, ನೀರು ತಡೆಯುವ ಕವಚವಿಲ್ಲ, ಲೆನ್ಸು ಬಿಚ್ಚಿ ಒರೆಸಲೂ ಬಾರದು. ಸೂರತ್‌ನ ಡುಮಸ್ ಕಡಲತೀರದ ಕಪ್ಪು ಮರಳಿಗೆ ಇಳಿಯುವಾಗ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಇರಲಿ. ಹಳೆಯದನ್ನು ಕೊಳ್ಳುವವರು ಅಪರ್ಚರನ್ನು ಅತಿ ಕಿರಿದು ಮಾಡಿ ಬಿಳಿ ಗೋಡೆಯ ಫೋಟೊ ತೆಗೆದು ನೋಡಿ. ಕಪ್ಪು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳು ಕೂತಿದೆ. ರಿಪೇರಿ ಖರ್ಚು ಕಳೆದು ಬೆಲೆ ಮಾತಾಡಿ.

10. ಕೊನೆಯ ತೀರ್ಪು ನಿಮ್ಮ ಹಳೆಯ ನೂರು ಫೋಟೊಗಳದು

ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ 1913ರಲ್ಲಿ ಹುಟ್ಟಿದ್ದು ಸೂರತ್ ಬಳಿಯ ನವಸಾರಿಯಲ್ಲಿ, 2012ರಲ್ಲಿ ತೀರಿಕೊಂಡದ್ದು ವಡೋದರಾದಲ್ಲಿ. ಸೀರೆಯುಟ್ಟು ದೆಹಲಿಯಲ್ಲಿ ಅವರು ಹೊತ್ತು ತಿರುಗಿದ ಕ್ಯಾಮೆರಾಗಳಲ್ಲಿ ಸ್ಪೀಡ್ ಗ್ರಾಫಿಕ್ ಒಂದು. 4 × 5 ಇಂಚಿನ ಫಿಲ್ಮ್ ಹಾಳೆ, ರಿಕೋದ ಸೆನ್ಸರಿಗಿಂತ ಮೂವತ್ತು ಪಟ್ಟಿಗೂ ದೊಡ್ಡದು. ಆದರೆ ಒಂದು ಚಿತ್ರ ಹೊಡೆದರೆ ಹಾಳೆ ಬದಲಿಸಬೇಕು. ಅಂಥದ್ದರಲ್ಲಿ ಗೆಲ್ಲುವವರು ಎಲ್ಲಿ ನಿಲ್ಲಬೇಕು, ಯಾವಾಗ ಒತ್ತಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡವರು.

ನೀವೆಲ್ಲಿ ನಿಲ್ಲುತ್ತೀರಿ? ಮೊಬೈಲಿನಲ್ಲಿರುವ ನಿಮ್ಮ ಕಳೆದ ನೂರು ಫೋಟೊ ತೆರೆಯಿರಿ. ಎರಡು ಹೆಜ್ಜೆ ದೂರದಿಂದ ತೆಗೆದವೆಷ್ಟು, ಜೂಮ್ ಎಳೆದವೆಷ್ಟು, ಗೆರೆ ಎಳೆದು ಎಣಿಸಿ. 50 ಮಿ.ಮೀ.ನ ಹೊಸ್ತಿಲ ಈಚೆ ಹೆಚ್ಚಿದ್ದರೆ ದೊಡ್ಡ ಸೆನ್ಸರ್, ಆಚೆ ಹೆಚ್ಚಿದ್ದರೆ ಚಿಕ್ಕದು.

ನಾನೂ ಎಣಿಸಿದೆ. ಮಗಳ ಶಾಲಾ ವಾರ್ಷಿಕೋತ್ಸವ, ಐದನೇ ಸಾಲಿನ ಕುರ್ಚಿಯಿಂದ ತೆಗೆದ ಯಕ್ಷಗಾನ, ತೆಂಗಿನ ಮರದ ಮೇಲಿನ ಮಂಗಟ್ಟೆ. ಮುಕ್ಕಾಲು ಪಾಲು ಹೊಸ್ತಿಲ ಆಚೆ. ಅಡಾಲಜ್‌ನ ಆ ಕಂಬದ ಚಿತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ, ಅದನ್ನು ತೆಗೆದ ಕ್ಯಾಮೆರಾ ಮಾತ್ರ ಈಗ ಸಂತೆ, ಜಾತ್ರೆ, ಓಣಿ ಎಂದು ಅಲೆಯುವ ತಂಗಿಯ ಜೇಬಿನಲ್ಲಿದೆ.